ಬೈ ವೀಕ್, ಬೈಗುಳ ಮತ್ತು ಐದು ಸೊನ್ನೆ

ಮೊದಲೇ ಹೇಳಿಬಿಡ್ತೀವಿ, ಇಲ್ಲಿ ‘ಬೈ’ ಅಂದ್ರೆ ಬೈಯೋದಲ್ಲ. ಟಾಟಾ ಬೈ ಬೈ ಅಲ್ಲ. ಕ್ರಿಕೆಟ್ಟಲ್ಲಿ ಕೀಪರ್ ಕೈತಪ್ಪಿದಾಗ ಸಿಗೋ ಬೈ ರನ್ನೂ ಅಲ್ಲ. ಊರ ಕಡೆ ಕಬಡ್ಡಿ, ವಾಲಿಬಾಲ್ ಟೂರ್ನಮೆಂಟ್ ನೋಡಿದವರಿಗೆ ಈ ಪದ ಗೊತ್ತಿರುತ್ತೆ. ಏಳೇ ಟೀಮ್ ಬಂದಿದ್ರೆ ಚೀಟಿ ಎತ್ತಿ ಒಂದು ಟೀಮಿಗೆ ಬೈ ಕೊಡ್ತಾರೆ. ಅವರು ಆಡದೇ ಮುಂದಿನ ರೌಂಡಿಗೆ ಹೋಗ್ತಾರೆ, ಉಳಿದವರು ಹೊಟ್ಟೆ ಉರ್ಕೊಳ್ತಾರೆ. ನಾವು ಹೇಳಹೊರಟಿರೋ ಬೈ ಇದರ ದೂರದ ನೆಂಟ. ಅಮೆರಿಕದ ಎನ್‌ಎಫ್‌ಎಲ್‌ನಲ್ಲಿ, ಅಂದ್ರೆ ಹೆಲ್ಮೆಟ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡ್ಕೊಂಡು ಓಡೋ ಅವರ ಫುಟ್‌ಬಾಲ್‌ನಲ್ಲಿ, ಪ್ರತಿ ಟೀಮಿಗೂ ಸೀಸನ್ನಿಗೆ ಒಂದು ವಾರ ರಜೆ ಇರುತ್ತೆ. ಅದಕ್ಕೆ ಬೈ ವೀಕ್ ಅಂತಾರೆ.

ಆ ಒಂದು ವಾರದ ರಜೆಯಿಂದ ನಮ್ಮ ಹನ್ನೆರಡು ಜನರ ಲೀಗಿನಲ್ಲಿ ಎರಡು ತಿಂಗಳು ಜಗಳ ಆಯ್ತು. ಬೈಗುಳವೂ ಧಾರಾಳವಾಗೇ ಆಯ್ತು. ‘ಎಲ್ಲರಿಗೂ ಒಂದೇ ರೂಲ್ ಇದ್ರೆ ಅದು ನ್ಯಾಯ ತಾನೇ?’ ಅನ್ನೋ ಪ್ರಶ್ನೆಗೆ ನಾವು ಅಂದುಕೊಂಡಷ್ಟು ಸುಲಭದ ಉತ್ತರ ಇಲ್ಲ ಅಂತ ಆ ಜಗಳದಲ್ಲಿ ಗೊತ್ತಾಯ್ತು. ಅದಕ್ಕೇ ಬರೀತಿದ್ದೀವಿ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ಎನ್‌ಎಫ್‌ಎಲ್‌ನಲ್ಲಿ 32 ಟೀಮ್. 2021ರಿಂದ ಪ್ರತಿ ಟೀಮೂ 18 ವಾರದಲ್ಲಿ 17 ಪಂದ್ಯ ಆಡುತ್ತೆ. ಉಳಿದ ಆ ಒಂದು ವಾರವೇ ಬೈ. ಈಗಿನ ಪದ್ಧತಿ ಶುರುವಾಗಿದ್ದು 1990ರಲ್ಲಿ. ಅದಕ್ಕೂ ಮುಂಚೆ 16 ವಾರ, 16 ಪಂದ್ಯ. ಸೀಸನ್ನನ್ನು ಒಂದು ವಾರ ಎಳೆದರೆ ಟಿವಿಗೆ ಒಂದು ವಾರ ಜಾಸ್ತಿ ಆಟ ಸಿಗುತ್ತಲ್ಲ, ಹಾಗಾಗಿ ನಡುವೆ ರಜೆ ತುರುಕಿದರು. 1993ರಲ್ಲಿ ಇನ್ನೂ ಆಸೆ ಹೆಚ್ಚಾಗಿ ಪ್ರತಿ ಟೀಮಿಗೂ ಎರಡೆರಡು ಬೈ ಕೊಟ್ಟು ನೋಡಿದರು, ಒಂದೇ ವರ್ಷಕ್ಕೆ ಕೈಬಿಟ್ಟರು.

ಎಲ್ಲ ಟೀಮಿಗೂ ಒಂದೇ ವಾರ ರಜೆ ಕೊಡೋದಿಲ್ಲ. ಆ ವಾರ ಟಿವಿಯಲ್ಲಿ ಏನು ತೋರಿಸೋದು? ಹಾಗಾಗಿ ಐದನೇ ವಾರದಿಂದ ಹದಿನಾಲ್ಕನೇ ವಾರದ ತನಕ ಹಂಚ್ತಾರೆ. ಹಂಚಿಕೆ ಸಮ ಅಲ್ಲ. 2025ರ ಸೀಸನ್ನನ್ನೇ ತಗೊಳ್ಳಿ. ಏಳನೇ ವಾರ ಬಿಲ್ಸ್ ಮತ್ತು ರೇವನ್ಸ್, ಎರಡೇ ಟೀಮಿಗೆ ರಜೆ. ಮರುವಾರವೇ ಲಯನ್ಸ್, ರ್‍ಯಾಮ್ಸ್, ಸೀಹಾಕ್ಸ್, ಕಾರ್ಡಿನಲ್ಸ್, ರೈಡರ್ಸ್, ಜಾಗ್ವಾರ್ಸ್, ಒಟ್ಟು ಆರು ಟೀಮಿಗೆ ರಜೆ. (ಸಂಖ್ಯೆ ಯಾವಾಗಲೂ ಸಮಸಂಖ್ಯೆಯೇ. 32ರಲ್ಲಿ ಜೋಡಿ ಮಾಡಿ ಆಡಿಸಬೇಕಲ್ಲ. 1999ರಿಂದ 2001ರವರೆಗೆ 31 ಟೀಮ್ ಇದ್ದವು, ಆಗ ಪ್ರತಿ ವಾರ ಕನಿಷ್ಠ ಒಂದು ಟೀಮ್ ಮನೇಲಿ ಕೂರಲೇಬೇಕಿತ್ತು. 2002ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ಬಂದ ಮೇಲೆ ಲೆಕ್ಕ ಸರಿಹೋಯ್ತು.)

ಇನ್ನು ಫ್ಯಾಂಟಸಿ. ನಮ್ಮಲ್ಲಿ ಬಹಳ ಜನ ಎಫ್‌ಪಿಎಲ್ ಆಡ್ತೀರಿ, ಅಲ್ಲಿ ಒಬ್ಬನೇ ಆಟಗಾರನನ್ನು ಲಕ್ಷಾಂತರ ಜನ ಇಟ್ಕೋಬಹುದು. ಇಲ್ಲಿ ಹಾಗಿಲ್ಲ. ಆಗಸ್ಟ್ ಕೊನೆಯಲ್ಲಿ ಡ್ರಾಫ್ಟ್ ನಡೆಯುತ್ತೆ, ಸರದಿ ಪ್ರಕಾರ ಒಬ್ಬೊಬ್ಬ ಆಟಗಾರನನ್ನು ಆರಿಸ್ಕೋಬೇಕು. ಒಬ್ಬರು ಎತ್ಕೊಂಡ್ರೆ ಮುಗೀತು, ಇನ್ನೊಬ್ಬರಿಗಿಲ್ಲ. ನಮ್ಮ ಲೀಗಲ್ಲಿ ಆಡೋ ಜಾಗ ಒಂಬತ್ತು: ಕ್ವಾರ್ಟರ್‌ಬ್ಯಾಕ್ ಒಬ್ಬ, ರನ್ನಿಂಗ್ ಬ್ಯಾಕ್ ಇಬ್ಬರು, ವೈಡ್ ರಿಸೀವರ್ ಇಬ್ಬರು, ಟೈಟ್ ಎಂಡ್ ಒಬ್ಬ, ಫ್ಲೆಕ್ಸ್ ಒಂದು, ಕಿಕ್ಕರ್ ಒಬ್ಬ, ಒಂದು ಇಡೀ ಟೀಮಿನ ಡಿಫೆನ್ಸ್. ಜೊತೆಗೆ ಬೆಂಚಿನಲ್ಲಿ ಆರು. ಪ್ರತಿ ವಾರ ಒಬ್ಬರ ಎದುರು ಒಬ್ಬರು. ಯಾರ ಒಂಬತ್ತು ಜನ ನಿಜವಾದ ಮೈದಾನದಲ್ಲಿ ಚೆನ್ನಾಗಿ ಆಡ್ತಾರೋ ಅವರು ಗೆದ್ದ ಹಾಗೆ. 14 ವಾರ ಆದ ಮೇಲೆ ಮೊದಲ ಆರು ಜನ ಪ್ಲೇಆಫ್‌ಗೆ. ದುಡ್ಡಿಲ್ಲ, ಬೆಟ್ಟಿಂಗ್ ಇಲ್ಲ. ಕೊನೇ ಸ್ಥಾನ ಬಂದವರು ಕ್ಯಾಂಪಸ್ಸಲ್ಲಿರೋರಿಗೆಲ್ಲ ಮಸಾಲೆದೋಸೆ ಕೊಡಿಸಬೇಕು, ಅಷ್ಟೇ.

ನಮ್ಮ ಹನ್ನೆರಡರಲ್ಲಿ ಎಂಟು ಜನ ಇಲ್ಲಿ, ಎಲ್ಲ ಸೆಕೆಂಡ್ ಇಯರ್. ನಾಲ್ಕು ಜನ ಇದೇ ಕನ್ನಡ ಸಂಘದಲ್ಲಿದ್ದು, ಈಗ ಅಮೆರಿಕದಲ್ಲಿ ಎಂ.ಎಸ್. ಮಾಡ್ತಿರೋ ಸೀನಿಯರ್ಸ್. ಟೆಕ್ಸಾಸಲ್ಲಿರೋ ಅಣ್ಣನೇ ಲೀಗಿನ ಕಮಿಷನರ್. ಪೊಲೀಸ್ ಕಮಿಷನರ್ ಅಲ್ಲದಿದ್ದರೂ ಠೀವಿಗೇನೂ ಕಮ್ಮಿ ಇಲ್ಲ. ರಾಜ್ಯೋತ್ಸವದ ನಾಟಕಕ್ಕೆ ಲೈಟ್ ಹಿಡ್ಕೊಂಡು ನಿಂತಿದ್ದ ಅಣ್ಣ ಅಲ್ಲಿಗೆ ಹೋದ ಮೇಲೆ ಭಾನುವಾರ ಪೂರ್ತಿ ಇದನ್ನೇ ನೋಡಿ ನೋಡಿ, ಕೊನೆಗೆ ನಮ್ಮನ್ನೂ ಹಳ್ಳಕ್ಕೆ ಎಳೆದರು.

ಈಗ ಐದು ಸೊನ್ನೆಯ ವಿಷಯ. ನಮ್ಮ ಸಿವಿಲ್ ಬ್ರ್ಯಾಂಚಿನ ಗೆಳೆಯ ತೀರ್ಥಹಳ್ಳಿ ಕಡೆಯವನು. ಡ್ರಾಫ್ಟಲ್ಲಿ ಅವನು ಎತ್ಕೊಂಡಿದ್ದು ಲಯನ್ಸ್‌ನ ಜಾಮಿರ್ ಗಿಬ್ಸ್, ಜ್ಯಾರೆಡ್ ಗಾಫ್, ಕಾರ್ಡಿನಲ್ಸ್‌ನ ಟ್ರೇ ಮೆಕ್‌ಬ್ರೈಡ್, ಸೀಹಾಕ್ಸ್‌ನ ಜ್ಯಾಕ್ಸನ್ ಸ್ಮಿತ್-ಎಂಜಿಗ್ಬಾ, ಮೇಲೆ ಸೀಹಾಕ್ಸ್ ಡಿಫೆನ್ಸ್. ಟೀಮ್ ಜಬರ್ದಸ್ತ್. ಆದ್ರೆ ಮೇಲಿನ ಪಟ್ಟಿ ಇನ್ನೊಮ್ಮೆ ನೋಡಿ, ಐದಕ್ಕೂ ಎಂಟನೇ ವಾರವೇ ಬೈ. ಒಂಬತ್ತರಲ್ಲಿ ಐದು ಜಾಗ ಒಟ್ಟಿಗೇ ಖಾಲಿ. ನಾವು ಕೇಳಿದ್ದಕ್ಕೆ ಅವನದು ಒಂದೇ ಮಾತು: “ಗೊತ್ತಿದ್ದೇ ತಗೊಂಡೆ ಮಾರಾಯಾ. ಆ ಒಂದು ವಾರ ಏನೋ ಒಂದು ತುಂಬಿಸ್ತೇನೆ. ಉಳಿದ ಹದಿಮೂರು ವಾರ ನನ್ನ ಟೀಮ್ ಫುಲ್ ಇರ್ತದಲ್ಲ?”

ಇದು ಮೊಂಡುವಾದ ಅಲ್ಲ, ಗಣಿತ. ಒಬ್ಬ ಆಟಗಾರನಿಗೆ ಸೀಸನ್ನಿಗೆ ಒಂದೇ ಬೈ. ಒಂಬತ್ತು ಜಾಗಕ್ಕೆ ಒಟ್ಟು ಒಂಬತ್ತು ಗೈರುಹಾಜರಿ. ಒಂದೇ ವಾರಕ್ಕೆ ಗುಡ್ಡೆ ಹಾಕಿ, ಇಲ್ಲ ಒಂಬತ್ತು ವಾರಕ್ಕೆ ಚೆಲ್ಲಿ, ಮೊತ್ತ ಬದಲಾಗಲ್ಲ. ಎನರ್ಜಿ ಕನ್ಸರ್ವೇಶನ್ ಇದ್ದ ಹಾಗೆ. ಈಗ ಸುಮ್ನೆ ಲೆಕ್ಕಕ್ಕೆ ಹೀಗೆ ಇಟ್ಕೊಳ್ಳಿ: ಇಬ್ಬರದೂ ಸಮಬಲದ ಟೀಮ್, ಗೆಲ್ಲೋ ಸಾಧ್ಯತೆ ಅರ್ಧಕ್ಕರ್ಧ. ಒಬ್ಬ ಕಮ್ಮಿಯಾದ್ರೆ ಸಾಧ್ಯತೆ ನೂರಕ್ಕೆ ಐದರಷ್ಟು ಇಳಿಯುತ್ತೆ. ಒಂಬತ್ತು ವಾರಕ್ಕೆ ಹಂಚಿದ್ರೆ ಒಟ್ಟು ನಷ್ಟ 0.45 ಗೆಲುವು. ಎಲ್ಲ ಒಂದೇ ವಾರಕ್ಕೆ ಗುಡ್ಡೆ ಹಾಕಿ, ಆ ವಾರ ಖಂಡಿತ ಸೋತರೂ ನಷ್ಟ 0.5 ಗೆಲುವು, ಯಾಕಂದ್ರೆ ಒಂದು ಪಂದ್ಯವನ್ನು ಎರಡು ಸಲ ಸೋಲೋಕಾಗಲ್ಲ. ಹೆಚ್ಚುಕಮ್ಮಿ ಸಮ. ಹಾಗಾಗಿ ಬೈಗಳನ್ನು ಒಂದೇ ವಾರಕ್ಕೆ ಸೇರಿಸೋದು ಮೋಸ ಅಂತ ನಮ್ಮಲ್ಲಿ ಯಾರೂ ಹೇಳಲಿಲ್ಲ. ಅದು ಅವನ ಆಯ್ಕೆ.

ಅವನ ಪ್ಲ್ಯಾನ್ ಪ್ರಕಾರ ಎಂಟನೇ ವಾರಕ್ಕೆ ಮುಂಚೆ ಬೆಂಚಿನವರನ್ನು ಮೇಲಕ್ಕೆ ಹಾಕಿ, ಯಾರೂ ತಗೊಳ್ಳದೆ ಉಳಿದ ಆಟಗಾರರಿಂದ ಒಬ್ಬ ಕ್ವಾರ್ಟರ್‌ಬ್ಯಾಕ್, ಒಂದು ಡಿಫೆನ್ಸ್ ತರಬೇಕಿತ್ತು. ಆದ್ರೆ ಆ ಸಲ ದೀಪಾವಳಿ ಅಕ್ಟೋಬರ್ 20ರಿಂದ 22. ಮಲೆನಾಡಲ್ಲಿ ಅದು ದೊಡ್ಡಹಬ್ಬ. ಹಬ್ಬಕ್ಕೆ ಊರಿಗೆ ಹೋದವನು ಅಡಿಕೆ ಕೊಯ್ಲು ಅಂತ ಅಲ್ಲೇ ಉಳಿದ. ಮಳೆ ಹಿಡೀತು, ಕರೆಂಟ್ ಹೋಯ್ತು, ಕರೆಂಟಿನ ಹಿಂದೆ ಟವರೂ ಹೋಯ್ತು. ಅವನ ಮನೆಯಲ್ಲಿ ಮಾಮೂಲಿ ದಿನವೂ ಸಿಗ್ನಲ್ ಬೇಕಂದ್ರೆ ಗುಡ್ಡದ ಮೇಲಿನ ಒಂದು ಹಲಸಿನ ಮರದ ಹತ್ರ ಹೋಗಬೇಕು. ಅಕ್ಟೋಬರ್ 26ರ ಭಾನುವಾರ ರಾತ್ರಿ ಹತ್ತೂವರೆಗೆ ಅಲ್ಲಿ ಪಂದ್ಯ ಶುರುವಾದಾಗ ಅವನ ಟೀಮಿನಲ್ಲಿ ಆ ಐದು ಹೆಸರು ಹಾಗೇ ಕೂತಿದ್ವು. ಐದೂ ಸೊನ್ನೆ.

ಉಳಿದ ನಾಲ್ವರು ಸೇರಿ ತಂದಿದ್ದು 49.6. ಎದುರಾಳಿ ನಮ್ಮ ಮೆಕ್ಯಾನಿಕಲ್ ಗೆಳೆಯ, ಬೆಂಗಳೂರಿನವನು. ಅವನದೂ ಕೆಟ್ಟ ವಾರವೇ, ಬರೀ 71.4. ಬೇರೆ ಯಾವ ಎದುರಾಳಿ ಇದ್ದಿದ್ರೂ ಸೋಲ್ತಿದ್ದ. ಆದರೂ ಗೆದ್ದ.

ಅಲ್ಲಿಗೆ ಮುಗಿದಿದ್ರೆ ನಗಾಡಿ ಮರೀತಿದ್ವಿ. ಡಿಸೆಂಬರ್ ಎರಡನೇ ವಾರ 14ನೇ ವಾರದ ಲೆಕ್ಕ ಮುಗಿದು ಪಟ್ಟಿ ಬಂತು. ಆರನೇ ಸ್ಥಾನ ಮೆಕ್ಯಾನಿಕಲ್‌ನವನಿಗೆ, 8 ಗೆಲುವು 6 ಸೋಲು. ಏಳನೇ ಸ್ಥಾನ ಇ ಅಂಡ್ ಸಿ ಬ್ರ್ಯಾಂಚಿನ ಹುಬ್ಬಳ್ಳಿ ಹುಡುಗಿಗೆ, 7 ಗೆಲುವು 7 ಸೋಲು. ಇಡೀ ಸೀಸನ್ನಿನ ಒಟ್ಟು ಅಂಕದಲ್ಲಿ ಅವಳೇ ಮುಂದೆ. ಆ ಎಂಟನೇ ವಾರ ಅವನು ಸೋತಿದ್ರೆ ಇಬ್ಬರೂ 7-7 ಆಗಿ, ಒಟ್ಟು ಅಂಕದ ಮೇಲೆ ಅವಳು ಪ್ಲೇಆಫ್‌ಗೆ ಹೋಗ್ತಿದ್ದಳು.

ನಮಗೆ ಬೈ ವೀಕಿನ ನಿಜವಾದ ಗಂಟು ಕಂಡಿದ್ದು ಇಲ್ಲಿ. ಖಾಲಿ ಜಾಗ ಬಿಟ್ಟು ಸೋತವನಿಗೆ ತೊಂದರೆ ಆಯ್ತು, ಸರಿ. ಅವನ ಟೀಮು, ಅವನ ಕರ್ಮ ಅನ್ನಬಹುದು. ಆದ್ರೆ ಆ ಪಂದ್ಯದಲ್ಲೇ ಇಲ್ಲದ ಮೂರನೆಯವಳಿಗೆ ಪೆಟ್ಟು ಬಿತ್ತು. ಲೀಗ್ ಅಂದ್ರೆ ಹಾಗೇ, ಇಬ್ಬರು ಆಡ್ತಿದ್ರೆ ಉಳಿದ ಹತ್ತು ಜನರದ್ದೂ ಏನೋ ಒಂದು ಅದರಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ.

ಗ್ರೂಪಲ್ಲಿ ಬೆಂಕಿ ಹತ್ಕೊಳ್ತು. “ಫೋನ್ ಇಲ್ಲಂದ್ರ ಲೀಗಿಗೆ ಯಾಕ್ ಬರಬೇಕು?” ಅಂತ ಅವಳು. “ಟವರ್ ನಾನು ಬೀಳ್ಸಿದ್ದಾ ಮಾರಾಯ್ತಿ?” ಅಂತ ಅವನು. “ನಾನೇನ್ ಮಾಡ್ದೆ ಮಗಾ? ಎದುರಿಗೆ ಬಂದ ಟೀಮ್ ಜೊತೆ ಆಡ್ದೆ, ಗೆದ್ದೆ” ಅಂತ ಮೆಕ್ಯಾನಿಕಲ್. ಮೂವರೂ ಒಂದೇ ಬಸ್ಸಲ್ಲಿ ಕಾಲೇಜಿಗೆ ಬರೋರು, ಮೂರು ಬೇರೆ ಬೇರೆ ಸೀಟಲ್ಲಿ ಮುಖ ತಿರುಗಿಸ್ಕೊಂಡು ಕೂರೋಕೆ ಶುರು ಮಾಡಿದ್ರು. ಹುಬ್ಬಳ್ಳಿಯವಳು ಲೀಗ್ ಬಿಡ್ತೀನಿ ಅಂತ ಕಮಿಷನರ್ ಅಣ್ಣನಿಗೆ ಮೆಸೇಜೂ ಹಾಕಿದಳು. ನಮ್ಮ ನಿಯಮಾವಳಿಯಲ್ಲಿ ಬೈ ವೀಕಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಪರೀಕ್ಷೆ ಹತ್ರ ಇದ್ರೂ ಹನ್ನೆರಡು ಜನ ವಿಡಿಯೊ ಕಾಲಲ್ಲಿ ಕೂತ್ವಿ.

ಮೊದಲ ಸಲಹೆ ಮೆಕ್ಯಾನಿಕಲ್‌ನವನದು: ಬೈಗೆ ಹೋದ ಆಟಗಾರನಿಗೆ ಅವನ ಅಲ್ಲಿಯವರೆಗಿನ ಸರಾಸರಿ ಅಂಕ ಕೊಟ್ಟುಬಿಡೋಣ. ಕೇಳೋಕೆ ಬಹಳ ಚೆನ್ನಾಗಿದೆ, ಯಾರಿಗೂ ನಷ್ಟ ಇಲ್ಲ. ಆದ್ರೆ ಸ್ವಲ್ಪ ಯೋಚ್ನೆ ಮಾಡಿ. ಮೈದಾನಕ್ಕಿಳಿದವನಿಗೆ ಗಾಯ ಆಗಬಹುದು, ಮಳೆಯಲ್ಲಿ ಚೆಂಡು ಜಾರಬಹುದು, ಎರಡು ಅಂಕಕ್ಕೆ ವಾಪಸ್ ಬರಬಹುದು. ಮನೇಲಿ ಕೂತವನಿಗೆ ಮಾತ್ರ ಸರಾಸರಿ ಗ್ಯಾರಂಟಿ. ಆಡೋದಕ್ಕಿಂತ ಆಡದೇ ಇರೋದೇ ಸೇಫ್ ಆಯ್ತಲ್ಲ! ಇಂಟರ್ನಲ್ಸಿಗೆ ಬರದವನಿಗೆ ಹಿಂದಿನ ಇಂಟರ್ನಲ್ಸಿನ ಸರಾಸರಿ ಹಾಕಿದ ಹಾಗೆ. ಅದೂ ಅಲ್ದೆ, ಬೈ ವಾರಕ್ಕಂತಲೇ ಕಷ್ಟಪಟ್ಟು ಒಳ್ಳೇ ಬೆಂಚ್ ಕಟ್ಟಿದವರ ಶ್ರಮಕ್ಕೆ ಬೆಲೆಯೇ ಇರಲ್ಲ. ಬಿದ್ದುಹೋಯ್ತು.

ಎರಡನೇದು, ಬೆಂಚನ್ನೇ ದೊಡ್ಡದು ಮಾಡೋಣ, ಆರರ ಬದಲು ಎಂಟು. ಇದಕ್ಕೂ ಲೆಕ್ಕ ಹಾಕಿದ್ವಿ. ಈಗ ಒಬ್ಬರಿಗೆ 15 ಆಟಗಾರರು, ಹನ್ನೆರಡು ಜನಕ್ಕೆ 180. ಎರಡೆರಡು ಹೆಚ್ಚಿಸಿದ್ರೆ 204. ಅಂದ್ರೆ ಹೊರಗೆ ಉಳಿದಿರೋ ಆಟಗಾರರಲ್ಲಿ ಚೆನ್ನಾಗಿರೋ 24 ಜನ ಯಾರ್‍ಯಾರದೋ ಬೆಂಚಲ್ಲಿ ಹೋಗಿ ಕೂತ್ಕೊಳ್ತಾರೆ. ಆಮೇಲೆ ಆರು ಟೀಮ್ ರಜೆ ಇರೋ ವಾರ ನಿಜವಾಗಲೂ ಒಬ್ಬ ಬೇಕಾದವನಿಗೆ ಹೊರಗೆ ಸಿಗೋದು ಹೊಟ್ಟು ಮಾತ್ರ. ತೊಂದರೆ ಹೋಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ. ಕೊನೆಗೆ ಒಂದೇ ಒಂದು ಜಾಗ ಹೆಚ್ಚಿಸೋಣ ಅಂತ ಒಪ್ಪಂದ ಆಯ್ತು.

ಮೂರನೇದು ‘ಬೆಸ್ಟ್ ಬಾಲ್’. ವಾರ ಮುಗಿದ ಮೇಲೆ ಹದಿನೈದರಲ್ಲಿ ಹೆಚ್ಚು ಅಂಕ ತಂದವರನ್ನೇ ಕಂಪ್ಯೂಟರ್ ತಾನಾಗಿ ಎಣಿಸ್ಕೊಳ್ಳೋ ಪದ್ಧತಿ. ಮೂರು ಇಂಟರ್ನಲ್ಸಲ್ಲಿ ಬೆಸ್ಟ್ ಎರಡು ತಗೊಳ್ತಾರಲ್ಲ, ಥೇಟ್ ಅದೇ. ಇಂಟರ್ನಲ್ಸಿಗೆ ಅದು ವರ. ಆದ್ರೆ ಇಲ್ಲಿ ಆಟ ಇರೋದೇ ಯಾರನ್ನು ಆಡಿಸಲಿ ಅಂತ ಶನಿವಾರ ರಾತ್ರಿ ತಲೆ ಕೆರ್ಕೊಳ್ಳೋದ್ರಲ್ಲಿ. ಅದನ್ನೇ ತೆಗೆದ್ರೆ ಉಪ್ಪಿಲ್ಲದ ಸಾರು. ಎಂಟು ಜನ ಬೇಡ ಅಂದ್ರು.

ಅಲ್ಲಿವರೆಗೆ ಸುಮ್ನಿದ್ದ ತೀರ್ಥಹಳ್ಳಿಯವನು ಆಗ ಮಾತಾಡಿದ. “ಬೈಗೆ ನನಗೆ ಅಂಕ ಬೇಡ. ರಜೆ ಯಾವಾಗ ಅಂತ ಮೇ ತಿಂಗಳಲ್ಲೇ ಗೊತ್ತಿತ್ತು, ಡ್ರಾಫ್ಟ್ ಆಮೇಲೆ ಆಗಿದ್ದು. ನನ್ನ ಹತ್ರ ಬೆಂಚಲ್ಲಿ ಮೂರು ಜನ ಕೂತಿದ್ರು. ಅವರನ್ನ ಎತ್ತಿ ಹಾಕ್ಲಿಕ್ಕೆ ನನಗೆ ಎರಡು ನಿಮಿಷದ ಸಿಗ್ನಲ್ ಸಿಗ್ಲಿಲ್ಲ. ಅಷ್ಟೇ ನನ್ನ ಕಂಪ್ಲೇಂಟು.”

ನಮಗೆ ಆ ಮಾತು ನಾಟ್ತು. ಯಾಕಂದ್ರೆ ರೂಲ್ ಎಲ್ಲರಿಗೂ ಒಂದೇ ಇತ್ತು: ಪಂದ್ಯ ಶುರುವಾಗೋ ಮುಂಚೆ ಆ್ಯಪ್ ತೆಗೆದು ಟೀಮ್ ಸರಿ ಮಾಡ್ಕೊಳ್ಳಿ. ಬೆಂಗಳೂರಿನ ಪಿಜಿಯಲ್ಲಿ ವೈಫೈ ಇರೋನಿಗೂ ಅದೇ, ಗುಡ್ಡ ಹತ್ತೋನಿಗೂ ಅದೇ. ಇನ್ನೊಂದು ನೋಡಿ. ಉಳಿದ ಆಟಗಾರರನ್ನು ಕೇಳಿ ತಗೊಳ್ಳೋ ವೇವರ್ ತೆರೆಯೋದು ಟೆಕ್ಸಾಸಲ್ಲಿ ಬುಧವಾರ ನಸುಕಿನ 3 ಗಂಟೆಗೆ. ಅಲ್ಲಿನ ನಾಲ್ವರಿಗೆ ಎದ್ದ ತಕ್ಷಣ ಯಾರು ಸಿಕ್ಕಿದ್ರು, ಯಾರು ಉಳಿದ್ರು ಅಂತ ನೋಡ್ಕೊಂಡು ಮುಂದಿನ ಕೆಲಸ ಮಾಡಬಹುದು. ನಮಗೆ ಆಗ ಮಧ್ಯಾಹ್ನ ಒಂದೂವರೆ. ಸರಿಯಾಗಿ ಲ್ಯಾಬ್ ಶುರುವಾಗೋ ಹೊತ್ತು, ಫೋನ್ ಬ್ಯಾಗಲ್ಲಿ, ಬ್ಯಾಗ್ ಹೊರಗೆ. ಗುರುವಾರ ರಾತ್ರಿಯ ಪಂದ್ಯ ನಮಗೆ ಶುಕ್ರವಾರ ಬೆಳಗ್ಗೆ ಪೌಣೆ ಆರಕ್ಕೆ. ರೂಲ್ ಒಂದೇ ಆದ್ರೂ ಅದನ್ನ ಪಾಲಿಸೋಕೆ ಎಲ್ಲರೂ ಕೊಡೋ ಬೆಲೆ ಒಂದೇ ಅಲ್ಲ.

ಪರಿಹಾರ ನಮಗೆ ಸಿಕ್ಕಿದ್ದು ಎಫ್‌ಪಿಎಲ್‌ನಿಂದ. ಅಲ್ಲಿ ಆಡದೇ ಇದ್ದ ಆಟಗಾರನ ಜಾಗಕ್ಕೆ ಬೆಂಚಿನಿಂದ ಒಬ್ಬ ತಾನಾಗೇ ಬರ್ತಾನೆ. ಯಾರು ಮೊದಲು, ಯಾರು ಆಮೇಲೆ ಅನ್ನೋ ಸಾಲನ್ನು ನಾವೇ ಮುಂಚೆ ಹಾಕಿರ್ತೀವಿ. ಅಂದ್ರೆ ತೀರ್ಮಾನ ನಮ್ಮದೇ, ಸಿಗ್ನಲ್ ಇದ್ದಾಗ ಮಾಡಿಟ್ಟಿದ್ದು. ಬೆಸ್ಟ್ ಬಾಲಿನ ಹಾಗೆ ಫಲಿತಾಂಶ ನೋಡಿ ಆರಿಸೋದಲ್ಲ.

ಇದನ್ನ ಎಂಟನೇ ವಾರಕ್ಕೆ ಹಾಕಿ ನೋಡಿದ್ವಿ. ಗಿಬ್ಸ್, ಸ್ಮಿತ್-ಎಂಜಿಗ್ಬಾ, ಮೆಕ್‌ಬ್ರೈಡ್ ಮೂವರ ಜಾಗಕ್ಕೆ ಅವನ ಬೆಂಚಿನ ಮೂವರು ಬರ್ತಿದ್ರು. ಅವರ ಅಂಕ ಒಟ್ಟು 26.6. ಕ್ವಾರ್ಟರ್‌ಬ್ಯಾಕ್‌ಗೂ ಡಿಫೆನ್ಸಿಗೂ ಬದಲಿ ಇರಲಿಲ್ಲ, ಆ ಎರಡು ಸೊನ್ನೆ ಸೊನ್ನೆಯಾಗೇ ಇರ್ತಿದ್ವು. 49.6ಕ್ಕೆ 26.6 ಸೇರಿದ್ರೆ 76.2. ಎದುರಾಳಿ 71.4. ಕಾಲಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಲ್ಲರೂ ಹುಬ್ಬಳ್ಳಿಯವಳ ಮುಖ ನೋಡ್ತಿದ್ವಿ.

ಹಾಗಾದ್ರೆ ಈಗಲೇ ಪಟ್ಟಿ ತಿದ್ದೋಣವಾ ಅಂತ ಅಣ್ಣ ಕೇಳಿದ್ರು. ವೋಟ್ ಹಾಕೋಣ ಅನ್ನೋಷ್ಟರಲ್ಲಿ ಅವಳೇ ಬೇಡ ಅಂದಳು. “ಆಟ ಮುಗದ್ ಮ್ಯಾಲ ರೂಲ್ ಬದಲಿ ಮಾಡಿದ್ರ, ನಾಳೆ ಯಾರರೆ ನನಗೂ ಹಂಗ ಮಾಡ್ತಾರ. ಮುಂದಿನ ವರ್ಷದಿಂದ ಹಾಕ್ರಿ. ಆದ್ರ ಬರದ್ ಹಾಕ್ರಿ, ಬಾಯಿ ಮಾತ್ ಬ್ಯಾಡ.” ಮೆಕ್ಯಾನಿಕಲ್‌ನವನು ಏನೋ ಹೇಳಹೋಗಿ ಸುಮ್ನಾದ. ಆಮೇಲೆ ಆ ಸಲದ ಪ್ಲೇಆಫಲ್ಲಿ ಮೊದಲ ವಾರವೇ ಸೋತ. ಅವಳು ಅವನಿಗೆ ನಗೋ ಎಮೋಜಿ ಕಳಿಸಿದ್ಲು. ಮಾತು ಮತ್ತೆ ಶುರುವಾಗಿದ್ದು ಹಾಗೆ.

ಅಲ್ಲಿಗೆ ಬೈ ವೀಕಿನ ಚರ್ಚೆ ಮುಗೀತು ಅಂದ್ಕೊಂಡ್ವಿ. ಆದ್ರೆ ಅಣ್ಣ ಇನ್ನೊಂದು ಪ್ರಶ್ನೆ ಎತ್ತಿದ್ರು: ಮೊದಲೇ ಗೊತ್ತಿರೋ ರಜೆ ಸರಿ, ಗೊತ್ತಿಲ್ಲದೆ ಬರೋ ರಜೆಗೆ ಏನ್ ಮಾಡ್ತೀರಿ?

ಅದೂ ಆಗಿದೆ. 2017ರಲ್ಲಿ ಇರ್ಮಾ ಚಂಡಮಾರುತ ಫ್ಲಾರಿಡಾಕ್ಕೆ ಬರ್ತಿದೆ ಅಂತ ಮಯಾಮಿ ಡಾಲ್ಫಿನ್ಸ್ ಮತ್ತು ಟ್ಯಾಂಪಾ ಬೇ ಬಕನೀರ್ಸ್ ನಡುವಿನ ಮೊದಲ ವಾರದ ಪಂದ್ಯವನ್ನು 11ನೇ ವಾರಕ್ಕೆ ಹಾಕಿದರು. ಇಬ್ಬರಿಗೂ 11ರಲ್ಲಿದ್ದ ಬೈ ಮೊದಲ ವಾರಕ್ಕೆ ಬಂತು. ಅಂದ್ರೆ ಆಮೇಲೆ 16 ವಾರ ಒಂದೇ ಸಮನೆ ಆಟ. 2020ರಲ್ಲಿ ಕೊರೊನಾದಿಂದ ಟೈಟನ್ಸ್–ಸ್ಟೀಲರ್ಸ್ ಪಂದ್ಯ ನಾಲ್ಕನೇ ವಾರದಿಂದ ಏಳಕ್ಕೆ ಹೋಯ್ತು. ಆ ಎರಡೂ ಟೀಮಿನ ಬೈ, ವಾರದ ಮಧ್ಯದಲ್ಲಿ ಹೇಳದೇ ಕೇಳದೇ ಬಂದು ಕೂತಿತ್ತು. ಇಂಥ ಕಡೆ ‘ಮೊದಲೇ ಗೊತ್ತಿತ್ತಲ್ಲ’ ಅನ್ನೋ ಮಾತು ನಡೆಯಲ್ಲ. ಹಾಗಾಗಿ ಬೈಗೂ ಮುಂದೂಡಿಕೆಗೂ ಬೇರೆ ಬೇರೆ ನಿಯಮ ಇರಬೇಕು.

ಇನ್ನೊಂದು ಘಟನೆ ಹೇಳಿದಾಗ ಅಣ್ಣನ ದನಿ ಬದಲಾಗಿತ್ತು. 2023ರ ಜನವರಿ 2, ಸಿನ್ಸಿನಾಟಿಯಲ್ಲಿ ಬಿಲ್ಸ್ ಮತ್ತು ಬೆಂಗಾಲ್ಸ್ ಪಂದ್ಯ. ಮೊದಲ ಕ್ವಾರ್ಟರಿನಲ್ಲಿ ಒಂದು ಟ್ಯಾಕಲ್ ಆದ ಮೇಲೆ ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಎದ್ದು ನಿಂತು, ಹಾಗೇ ಕುಸಿದುಬಿದ್ದ. ಹೃದಯ ನಿಂತುಹೋಗಿತ್ತು. ಮೈದಾನದಲ್ಲೇ ಸಿಪಿಆರ್ ಮಾಡಿ ಆಸ್ಪತ್ರೆಗೆ ಸಾಗಿಸಿದರು. ಪಂದ್ಯ ಅಲ್ಲಿಗೆ ನಿಂತಿತು, ಆಮೇಲೆ ರದ್ದಾಯ್ತು. ಅದು 17ನೇ ವಾರ, ಬಹಳಷ್ಟು ಫ್ಯಾಂಟಸಿ ಲೀಗುಗಳ ಫೈನಲ್ ವಾರ. ಜಾಶ್ ಅಲೆನ್, ಜೋ ಬರೋ, ಜಮಾರ್ ಚೇಸ್ ಅಂಥವರನ್ನು ನಂಬಿಕೊಂಡು ಫೈನಲ್ ಆಡ್ತಿದ್ದವರ ಅಂಕ ಅರ್ಧಕ್ಕೇ ನಿಂತಿತ್ತು. ಎಷ್ಟೋ ಲೀಗುಗಳಲ್ಲಿ ಇಬ್ಬರನ್ನೂ ಜಂಟಿ ಚಾಂಪಿಯನ್ ಅಂದರು. ಹ್ಯಾಮ್ಲಿನ್ ಮಕ್ಕಳ ಆಟಿಕೆಗಾಗಿ 2,500 ಡಾಲರ್ ಗುರಿ ಇಟ್ಟು ಶುರುಮಾಡಿದ್ದ ನಿಧಿಗೆ ಅಭಿಮಾನಿಗಳು ದಶಲಕ್ಷಗಟ್ಟಲೆ ಡಾಲರ್ ಸುರಿದರು. ಹ್ಯಾಮ್ಲಿನ್ ಬದುಕಿದ, ಮುಂದಿನ ಸೀಸನ್ನಿಗೆ ಮೈದಾನಕ್ಕೂ ಬಂದ. ನಾವು ಬರೀ ಅಂಕ ಅಂತ ನೋಡೋ ಹೆಸರುಗಳ ಹಿಂದೆ ಒಂದೊಂದು ಮೈ ಇದೆ. ಬೈ ವೀಕ್ ಇರೋದೂ ಆ ಮೈಗೆ ಒಂದು ವಾರ ವಿಶ್ರಾಂತಿ ಸಿಗಲಿ ಅಂತಲೂ ಹೌದು.

ಅವತ್ತು ರಾತ್ರಿ ಎರಡು ಗಂಟೆವರೆಗೆ ಕೂತು ನಿಯಮ ಬರೆದ್ವಿ. ಕನ್ನಡದಲ್ಲೇ ಬರೆದ್ವಿ, ಯಾಕಂದ್ರೆ ಇಂಗ್ಲಿಷಲ್ಲಿ ಬರೆದಾಗ ಎಲ್ಲರೂ ಲಾಯರ್ ಆಗ್ತಿದ್ರು. ನಮ್ಮಲ್ಲಿ ಅರ್ಧ ಜನ ಕನ್ನಡ ಬರೆಯೋದನ್ನ ಹತ್ತನೇ ಕ್ಲಾಸಿಗೇ ಬಿಟ್ಟವರು, ಹಾಗಾಗಿ ಕಾಗುಣಿತ ತಿದ್ದಿದ್ದು ಸಂಘದ ಗೆಳೆಯರು. ತಿರುಳು ಇಷ್ಟು.

ಒಂದು, ಬೈನಲ್ಲಿರೋ ಆಟಗಾರನಿಗೆ ಯಾವ ಅಂಕವೂ ಇಲ್ಲ. ಎರಡು, ಪ್ರತಿಯೊಬ್ಬರೂ ತಮ್ಮ ಬೆಂಚಿನ ಸಾಲು ಗ್ರೂಪಲ್ಲಿ ಹಾಕಿರಬೇಕು, ಬದಲಾಯಿಸೋವರೆಗೆ ಹಳೇ ಸಾಲೇ ಊರ್ಜಿತ. ಆಡೋ ಜಾಗದಲ್ಲಿ ಬೈನವನು ಉಳಿದುಹೋದ್ರೆ ಸಾಲಿನಲ್ಲಿ ಆ ಜಾಗಕ್ಕೆ ಹೊಂದೋ ಮೊದಲನೆಯವನ ಅಂಕವನ್ನು ಕಮಿಷನರ್ ಸೇರಿಸ್ತಾರೆ. ಹೊಂದೋನು ಇಲ್ಲದಿದ್ರೆ ಸೊನ್ನೆ, ಅದು ಡ್ರಾಫ್ಟ್ ಮಾಡಿದವರ ಜವಾಬ್ದಾರಿ. ಮೂರು, ಬೆಂಚಿಗೆ ಒಂದು ಜಾಗ ಹೆಚ್ಚು. ಉಳಿದ ಆಟಗಾರರನ್ನು ತಗೊಳ್ಳೋಕೆ ವಾರಕ್ಕೆ ಎರಡು ಸಲ ಅವಕಾಶ, ಎರಡನೇದು ನಮ್ಮ ಶನಿವಾರ ರಾತ್ರಿ ಎಂಟೂವರೆಗೆ. ನಾಲ್ಕು, ನೆಟ್ ಇಲ್ಲದ ಊರಿಗೆ ಹೋಗೋರು ಆ ವಾರದ ಎದುರಾಳಿಯನ್ನು ಬಿಟ್ಟು ಬೇರೆ ಯಾರಿಗಾದ್ರೂ ಹೇಳಿ ಹೋಗಬಹುದು, ಲ್ಯಾಂಡ್‌ಲೈನಿಂದ ಫೋನ್ ಮಾಡಿದ್ರೂ ನಡೆಯುತ್ತೆ. ಐದು, ಪಂದ್ಯ ಹಠಾತ್ತನೆ ಮುಂದಕ್ಕೆ ಹೋದ್ರೆ, ಇನ್ನೂ ಮೈದಾನಕ್ಕಿಳಿಯದ ಬೆಂಚಿನ ಆಟಗಾರನನ್ನು ಹಾಕ್ಕೊಳ್ಳೋಕೆ ಬಿಡಬೇಕು. ಫೈನಲ್ ವಾರ ಯಾರದೋ ಜೀವಕ್ಕೆ ಅಪಾಯ ಆಗಿ ಆಟ ನಿಂತ್ರೆ ಇಬ್ಬರೂ ಚಾಂಪಿಯನ್, ಲೆಕ್ಕ ಕೇಳೋ ಹಾಗಿಲ್ಲ. ಆರನೇದು ಹುಬ್ಬಳ್ಳಿಯವಳು ಹೇಳಿ ಬರೆಸಿದ್ದು: ಡ್ರಾಫ್ಟಿನ ಮೊದಲ ಹೆಸರು ಕೂಗಿದ ಮೇಲೆ ಯಾವ ನಿಯಮವನ್ನೂ ಯಾರೂ ಮುಟ್ಟಬಾರದು.

ಇದರಿಂದ ಬೈ ವೀಕ್ ಎಲ್ಲರಿಗೂ ಸಮ ಆಗಿಬಿಡುತ್ತೆ ಅಂತ ನಾವು ಹೇಳಲ್ಲ. ಯಾರಿಗೋ ಐದನೇ ವಾರವೇ ಬೈ, ಯಾರಿಗೋ ಹದಿನಾಲ್ಕು. ಯಾರಿಗೋ ಎದುರಾಳಿಯ ಕೆಟ್ಟ ವಾರ ಸಿಗುತ್ತೆ, ಯಾರಿಗೋ ಒಳ್ಳೇದು. ಆ ಅದೃಷ್ಟವನ್ನ ನಿಯಮ ಅಳಿಸೋಕಾಗಲ್ಲ, ಅಳಿಸಲೂಬಾರದು, ಇಲ್ಲಾಂದ್ರೆ ಆಟ ಯಾಕೆ? ಮಾಡಬಹುದಾಗಿದ್ದು ಇಷ್ಟೇ: ಮುಂಚೆ ಗೊತ್ತಿರೋ ಕಷ್ಟಕ್ಕೆ ಮುಂಚೆಯೇ ತಯಾರಾಗೋ ದಾರಿ ಎಲ್ಲರ ಕೈಗೂ ಎಟಕೋ ಹಾಗೆ ಇಡೋದು. ಸೋತವನು ತನ್ನ ಆಯ್ಕೆಯಿಂದ ಸೋಲಲಿ, ಟವರ್ ಬಿದ್ದು ಅಲ್ಲ. ಮೂರನೆಯವರ ಸೀಟು ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಕಳೆದುಹೋಗದಿರಲಿ.

ಹೊಸ ಸೀಸನ್ನಿನ ವೇಳಾಪಟ್ಟಿ ಮೇ ತಿಂಗಳಲ್ಲಿ ಬರುತ್ತೆ. ಬಂದ ದಿನ ಅದರ ಪ್ರಿಂಟ್ ತೆಗೆದು ಕಾಲೇಜಿನ ಕ್ಯಾಲೆಂಡರ್ ಆಫ್ ಈವೆಂಟ್ಸ್ ಪಕ್ಕದಲ್ಲಿ ಅಂಟಿಸಬೇಕು, ಬೈ ಯಾವ ವಾರ, ಇಂಟರ್ನಲ್ಸ್ ಯಾವ ವಾರ ಅಂತ ಒಟ್ಟಿಗೇ ಗುರುತು ಹಾಕಬೇಕು ಅಂತ ತೀರ್ಮಾನ ಆಗಿದೆ. 2026ರಲ್ಲಿ ದೀಪಾವಳಿ ನವೆಂಬರ್ 8ರ ಆಸುಪಾಸು, ಅಂದ್ರೆ ಬೈ ವೀಕುಗಳ ನಟ್ಟನಡುವೆ. ಅಡಿಕೆ ಕೊಯ್ಲೂ ಅದೇ ಹೊತ್ತಿಗೆ. ತೀರ್ಥಹಳ್ಳಿಯವನು ತನ್ನ ಮನೆಯ ಲ್ಯಾಂಡ್‌ಲೈನ್ ನಂಬರನ್ನು ಈಗಲೇ ಗ್ರೂಪಲ್ಲಿ ಪಿನ್ ಮಾಡಿದ್ದಾನೆ. ಮೊದಲು ಸೇವ್ ಮಾಡ್ಕೊಂಡವಳು ಹುಬ್ಬಳ್ಳಿಯವಳು.